ಕ್ಲಸ್ಟರ್ ಒಂದು, ಊರು ಮೂರು: ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕೂಡಿ ಬೆಳೆಯುವುದು ಹೇಗೆ?

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಒಪ್ಪಿತು. 1962ರಿಂದ ಒಂದೇ ಪಾಲಿಕೆಯ ಕೆಳಗಿದ್ದ ಊರುಗಳಿವು. ಎರಡು ತಿಂಗಳ ನಂತರ ಬಜೆಟ್ ಬಂತು. ಬೆಂಗಳೂರಿನ ಆಚೆಗೂ ಉದ್ಯಮ ಬೆಳೆಸಲು ಅದರಲ್ಲಿ 'ಲೀಪ್' ಎಂಬ 1,000 ಕೋಟಿ ರೂಪಾಯಿಯ ಕಾರ್ಯಕ್ರಮ ಘೋಷಿಸಿದರು. ಅದಕ್ಕೆ ಆರಿಸಿಕೊಂಡ ಕ್ಲಸ್ಟರ್‌ಗಳಲ್ಲಿ, ಅಂದರೆ ಒಟ್ಟಿಗೆ ಬೆಳೆಸಬೇಕಾದ ಊರುಗಳ ಗುಂಪುಗಳಲ್ಲಿ, ಒಂದರ ಹೆಸರು ಹುಬ್ಬಳ್ಳಿ-ಬೆಳಗಾವಿ-ಧಾರವಾಡ. ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಊರು ಬೇರೆಯಾಗಲಿ ಅಂತ ಸರ್ಕಾರದ ಒಂದು ಕೈ ಸಹಿ ಹಾಕಿತು. ಅವೆರಡಕ್ಕೆ, ಧಾರವಾಡದಿಂದ ಎಪ್ಪತ್ತೈದು-ಎಂಬತ್ತು ಕಿಲೋಮೀಟರ್ ದೂರದ ಬೆಳಗಾವಿಯನ್ನೂ ಸೇರಿಸಿ, ಮೂರೂ ಒಂದೇ ಅಂತ ಇನ್ನೊಂದು ಕೈ ಬರೆಯಿತು.

ಎರಡೂ ತೀರ್ಮಾನಕ್ಕೆ ಅದರದೇ ಕಾರಣ ಇದೆ. ತೆರಿಗೆ ನಾವೂ ಕಟ್ಟುತ್ತೇವೆ, ಅನುದಾನ ಮಾತ್ರ ಹುಬ್ಬಳ್ಳಿಗೆ ಜಾಸ್ತಿ ಹೋಗುತ್ತದೆ ಅನ್ನುವುದು ಧಾರವಾಡದವರ ಹಳೇ ದೂರು, ಅದರಲ್ಲಿ ಹುರುಳಿದೆ. ಬೆಂಗಳೂರಿಗೆ ಸಾಟಿ ಅಲ್ಲದಿದ್ದರೂ, ಅದರ ಹೊರೆ ಸ್ವಲ್ಪ ಹೊರುವಷ್ಟಾದರೂ ದೊಡ್ಡ ನಗರ ಬೇಕೆಂದರೆ ಈ ಮೂರು ಊರು ಕೂಡಿದರೇ ಸಾಧ್ಯ ಅನ್ನುವುದೂ ನಿಜ. ತೊಂದರೆ ಇರುವುದು ಇವೆರಡರ ನಡುವೆ. ಊರುಗಳನ್ನು ಕೂಡಿಸುವ ಕೆಲಸ ಯಾರದು, ಅದಕ್ಕೆ ದುಡ್ಡು ಎಲ್ಲಿಂದ, ಜಗಳವಾದರೆ ತೀರ್ಮಾನ ಯಾರದು ಅಂತ ನಮ್ಮ ನೀತಿಗಳಲ್ಲಿ ಎಲ್ಲೂ ಬರೆದಿಲ್ಲ. ಹೆಸರುಗಳ ನಡುವೆ ಒಂದು ಅಡ್ಡಗೆರೆ ಎಳೆದರೆ ಸಹಕಾರ ಹುಟ್ಟುತ್ತದೆ ಅಂತ ನಂಬಿಕೊಂಡಂತಿದೆ.

ಎರಡನೇ ಊರೇ ಇಲ್ಲದ ರಾಜ್ಯ

2011ರ ಜನಗಣತಿಯ ಲೆಕ್ಕದಲ್ಲಿ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು 85 ಲಕ್ಷ. ಆಮೇಲೆ ಬರುವ ಮೈಸೂರು 10 ಲಕ್ಷಕ್ಕೂ ಸ್ವಲ್ಪ ಕಡಿಮೆ. ಹುಬ್ಬಳ್ಳಿ-ಧಾರವಾಡ ಸುಮಾರು 9.4 ಲಕ್ಷ. ಅಂದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಎಂಟೊಂಬತ್ತು ಪಟ್ಟು ವ್ಯತ್ಯಾಸ. ಪಕ್ಕದ ತಮಿಳುನಾಡು ನೋಡಿ. ಅದೇ ಜನಗಣತಿಯಲ್ಲಿ ಚೆನ್ನೈ 87 ಲಕ್ಷ ಆಸುಪಾಸು, ಆದರೆ ಕೊಯಮತ್ತೂರು 21 ಲಕ್ಷ, ಮದುರೈ 14 ಲಕ್ಷ, ತಿರುಚಿ 10 ಲಕ್ಷ, ತಿರುಪ್ಪೂರು ಅದರ ಹತ್ತಿರ. ಗುಜರಾತಿನಲ್ಲಂತೂ ಅಹಮದಾಬಾದ್ 63 ಲಕ್ಷ ಇದ್ದರೆ ಸೂರತ್ 45 ಲಕ್ಷ. ಕೊಯಮತ್ತೂರಿನ ಹುಡುಗನಿಗೆ ಚೆನ್ನೈಗೆ ಹೋಗುವುದು ಒಂದು ದಾರಿ. ಹಾವೇರಿಯಲ್ಲಿ ಎಂಜಿನಿಯರಿಂಗ್ ಮುಗಿಸಿದವರಿಗೆ ಬೆಂಗಳೂರು ಬಿಟ್ಟರೆ ಎಷ್ಟು ದಾರಿ ಇದೆ ಹೇಳಿ.

ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಅಲ್ಲಿ ನೀರು, ಟ್ರಾಫಿಕ್, ಬಾಡಿಗೆ ಎಲ್ಲದರ ಒತ್ತಡ ಜಾಸ್ತಿಯಾದಷ್ಟೂ ಪರಿಹಾರಕ್ಕೆ ಅಂತ ಅಲ್ಲೇ ಇನ್ನಷ್ಟು ದುಡ್ಡು ಸುರಿಯಬೇಕಾಗುತ್ತದೆ. ಸುರಂಗ ರಸ್ತೆ, ಎರಡನೇ ವಿಮಾನ ನಿಲ್ದಾಣ, ದೊಡ್ಡಬಳ್ಳಾಪುರದ ಕಡೆ ಕ್ವಿನ್ ಸಿಟಿ ಎಂಬ ಹೊಸ ಊರು, ಬಿಡದಿಯ ಟೌನ್‌ಶಿಪ್. ಇವುಗಳಲ್ಲಿ ಯಾವುದು ಸರಿ ಯಾವುದು ತಪ್ಪು ಅನ್ನುವ ಚರ್ಚೆ ಬೇರೆ. ಆದರೆ ಇವೆಲ್ಲ ಸೇರಿದರೆ ಬೆಂಗಳೂರು ಇನ್ನೂ ಅಗಲವಾಗುತ್ತದೆ. 'ಬಿಯಾಂಡ್ ಬೆಂಗಳೂರು' ಅಂತ ಫಲಕ ಹಾಕಿಕೊಂಡ ಸರ್ಕಾರದ ದೊಡ್ಡ ಚೆಕ್ಕುಗಳು ಬೆಂಗಳೂರಿನ ಅಂಚಿನಲ್ಲೇ ಖರ್ಚಾಗುತ್ತಿವೆ.

ಪ್ರಾದೇಶಿಕ ಅಸಮಾನತೆಗೆ ನಮ್ಮಲ್ಲಿ ಮದ್ದು ಹುಡುಕಿಯೇ ಇಲ್ಲ ಅಂತಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗುರುತಿಸಿತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದಕ್ಕೆ ಮಂಡಳಿ ಬಂತು. 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ನಂಜುಂಡಪ್ಪ ವರದಿಯ ಅಳತೆಗೋಲು ತಾಲ್ಲೂಕು. ಶಾಲೆ, ಆಸ್ಪತ್ರೆ, ರಸ್ತೆ ಎಣಿಸಲು ಅದು ಸರಿಯಾದ ಅಳತೆ. ಆದರೆ ಕೆಲಸ ಹುಟ್ಟುವುದು ತಾಲ್ಲೂಕಿನ ಗಡಿ ನೋಡಿಕೊಂಡಲ್ಲ. ಒಂದು ತಾಲ್ಲೂಕಿಗೆ ಸಮುದಾಯ ಭವನ, ಇನ್ನೊಂದಕ್ಕೆ ಐಟಿಐ ಕಟ್ಟಡ ಅಂತ ಹಂಚಿದ ದುಡ್ಡಿನಿಂದ ಸುತ್ತಲಿನ ಹತ್ತು ತಾಲ್ಲೂಕಿಗೆ ಕೆಲಸ ಕೊಡುವಂಥ ಊರು ಬೆಳೆಯಲಿಲ್ಲ.

ಯಾವ ಊರಿಗೆ ಯಾವ ಕಸುಬು

ಈಗಿನ ನೀತಿ ಊರನ್ನು ನೋಡುತ್ತದೆ, ಅದು ಒಳ್ಳೆಯ ಬದಲಾವಣೆ. ಒಂದೊಂದು ಕಡೆಗೂ ಒಂದೊಂದು ವಿಶೇಷ ಅಂತ ಹಂಚಿದ್ದಾರೆ. ಮೈಸೂರಿಗೆ ಎಲೆಕ್ಟ್ರಾನಿಕ್ಸ್ ಮತ್ತು ಸೈಬರ್ ಭದ್ರತೆ, ಹುಬ್ಬಳ್ಳಿ-ಧಾರವಾಡಕ್ಕೆ ಎಫ್‌ಎಂಸಿಜಿ ಅಂದರೆ ದಿನಬಳಕೆಯ ಸಾಮಾನು, ಕೊಪ್ಪಳಕ್ಕೆ ಆಟಿಕೆ. ಹೊಸ ಕೈಗಾರಿಕಾ ನೀತಿಯಲ್ಲಿ ಬೆಂಗಳೂರನ್ನು ಮೂರನೇ ವಲಯಕ್ಕೆ ಹಾಕಿ, ಉಳಿದ ಜಿಲ್ಲೆಗಳಿಗೆ ಹೆಚ್ಚಿನ ರಿಯಾಯಿತಿ ಇಟ್ಟಿದ್ದಾರೆ.

ಆದರೆ ವಿಶೇಷತೆಯನ್ನು ವಿಧಾನಸೌಧದಲ್ಲಿ ಕೂತು ಹಂಚಲು ಆಗುತ್ತದಾ? ಹುಬ್ಬಳ್ಳಿಯ ಇನ್ಫೋಸಿಸ್ ಕ್ಯಾಂಪಸ್ ಕಟ್ಟಡ ತಯಾರಾಗಿಯೂ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಕೆಲಸ ಶುರು ಮಾಡಿ ಅಂತ ಊರಿನವರು ಅಭಿಯಾನವನ್ನೇ ಮಾಡಿದ ಮೇಲೆ 2022ರಲ್ಲಿ ಅದು ತೆರೆಯಿತು. ಜಾಗ ಕೊಡುವುದು ಸರ್ಕಾರದ ಕೈಯಲ್ಲಿದೆ. ಕಟ್ಟಡ ಕಟ್ಟುವುದು ಕಂಪನಿಯ ಕೈಯಲ್ಲಿದೆ. ಆ ಕಟ್ಟಡದೊಳಗೆ ಕೆಲಸ ಬರಬೇಕಾದರೆ ಊರಿನಲ್ಲೇ ಏನಾದರೂ ಇರಬೇಕು.

ಬೆಳಗಾವಿಯಲ್ಲಿ ಆ 'ಏನಾದರೂ' ಮೊದಲಿನಿಂದ ಇತ್ತು. ಉದ್ಯಮಬಾಗ್, ಮಚ್ಛೆ, ಹೊನಗಾ ಕಡೆ ಹೋದರೆ ಫೌಂಡ್ರಿಗಳ ಸಾಲು. ಕಬ್ಬಿಣ ಕರಗಿಸಿ ಎರಕ ಹೊಯ್ಯುವುದು ಈ ಊರಿನ ಹಳೆ ಕಸುಬು. ಪಂಪು, ವಾಲ್ವು, ಹೈಡ್ರಾಲಿಕ್ ಸಾಮಾನು, ಗಾಡಿಗಳ ಬಿಡಿಭಾಗ ಇಲ್ಲಿಂದ ಹೋಗುತ್ತವೆ. ಫೌಂಡ್ರಿಗೆ ಬೇಕಾದ ಮುಖ್ಯ ಸಾಮಾನು ಕಬ್ಬಿಣ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿನವರ ತಲೆನೋವು ಮರಳು. ಅಚ್ಚು ಮಾಡಲು ಸಿಲಿಕಾ ಮರಳಿಗೆ ಅಂಟು ಬೆರೆಸುತ್ತಾರೆ. ಕರಗಿದ ಕಬ್ಬಿಣ ಹೊಯ್ದ ಮೇಲೆ ಆ ಮರಳು ಸುಟ್ಟು ಕಪ್ಪಾಗುತ್ತದೆ. ಅದನ್ನು ಹೊರಗೆ ಗುಡ್ಡೆ ಹಾಕಿದರೆ ಮಾಲಿನ್ಯ, ಹೊಸದು ತಂದರೆ ಖರ್ಚು. ಹಳೇ ಮರಳಿನ ಅಂಟು ತೆಗೆದು ಮತ್ತೆ ಬಳಸುವಂತೆ ಮಾಡುವ ಯಂತ್ರ ಸಣ್ಣ ಫೌಂಡ್ರಿಯವರ ಕೈಗೆ ಎಟುಕುವ ಬೆಲೆಯದ್ದಲ್ಲ. ಹಾಗಾಗಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಅಂತ ಇಲ್ಲಿನವರು ಕೂಡಿಕೊಂಡು, ಸರ್ಕಾರದ ನೆರವು ಪಡೆದು, ಮರಳು ಮರುಬಳಕೆಯ ಘಟಕ, ಪರೀಕ್ಷಾ ಪ್ರಯೋಗಾಲಯದಂಥ ಸೌಲಭ್ಯವನ್ನು ಎಲ್ಲರಿಗೂ ಸೇರಿ ಒಂದು ಮಾಡಿಕೊಂಡರು. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರು, ಮರಳಿನ ವಿಷಯಕ್ಕೆ ಪಾಲುದಾರರು.

ಈ ಕಸುಬಿನ ಮೇಲೇ ಆಮೇಲಿನ ಬೆಳವಣಿಗೆ ನಿಂತಿತು. ಲೋಹದ ಮೈಕ್ರಾನ್ ಲೆಕ್ಕ ಗೊತ್ತಿದ್ದ ಕೆಲಸಗಾರರಿದ್ದರು. ಎಂಜಿನಿಯರಿಂಗ್ ಕಾಲೇಜುಗಳಿದ್ದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ ಬೆಳಗಾವಿಗೇ ಬಂತು. 2009ರಲ್ಲಿ ಹತ್ತರಗಿಯ ಬಳಿ, ಹೆದ್ದಾರಿ ಪಕ್ಕ, ಸುಮಾರು 250 ಎಕರೆಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಶುರುವಾಯಿತು. ಅಲ್ಲಿ ವಿಮಾನದ ಬಿಡಿಭಾಗಗಳ ಕೆಲಸ. ಲೋಹ ಬಡಿದು ಆಕಾರಕ್ಕೆ ತರುವುದು, ಕೊರೆದು ನಯ ಮಾಡುವುದು, ಮೇಲ್ಮೈಗೆ ರಾಸಾಯನಿಕ ಲೇಪ ಕೊಡುವುದು, ಮೂರೂ ಒಂದೇ ಕಾಂಪೌಂಡಿನಲ್ಲಿ. ಮುಂಚೆಲ್ಲ ಇಂಥ ಒಂದು ಭಾಗ ಬೇರೆ ಬೇರೆ ಊರು, ಕೆಲವೊಮ್ಮೆ ಬೇರೆ ಬೇರೆ ದೇಶ ಸುತ್ತಿ ಬರಬೇಕಿತ್ತು. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಇಲ್ಲಿಂದ ಸಾಮಾನು ಹೋಗುತ್ತದೆ ಅಂದರೆ, ಅದರ ಬೇರು ಉದ್ಯಮಬಾಗ್‌ನ ಹೊಗೆಯಲ್ಲಿದೆ. ಯಾವ ಅಧಿಕಾರಿಯೂ 'ಬೆಳಗಾವಿಗೆ ಏರೋಸ್ಪೇಸ್ ಕೊಡೋಣ' ಅಂತ ಫೈಲಿನಲ್ಲಿ ಬರೆದು ಆದದ್ದಲ್ಲ ಇದು.

ಸಣ್ಣ ಊರಿಗೂ ಇದು ಹೊಂದುತ್ತದೆ. ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದ ಹಾವೇರಿ ಜಿಲ್ಲೆಯ ಬ್ಯಾಡಗಿ ನೋಡಿ. ಸೋಮವಾರ, ಗುರುವಾರ ಸೀಸನ್ನಿನಲ್ಲಿ ಆ ಊರಿಗೆ ಕಾಲಿಟ್ಟರೆ ಮೊದಲು ಬರುವುದು ಸೀನು. ಡಬ್ಬಿ, ಕಡ್ಡಿ, ಗುಂಟೂರು ಅಂತ ತಳಿ ನೋಡಿ ಚೀಲ ಇಳಿಸಿರುತ್ತಾರೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಸಿಕ್ಕಿದೆ. ಈಗ ಇಲ್ಲಿಗೆ ಬರುವ ಮಾಲಿನ ದೊಡ್ಡ ಪಾಲು ಹಾವೇರಿಯದ್ದೇ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದ ಲಾರಿ ಬರುತ್ತವೆ. ಬೆಳೆ ಬೇರೆ ಕಡೆ ಹೋದರೂ ಮಾರುಕಟ್ಟೆ ಇಲ್ಲೇ ಉಳಿಯಿತು. ಕಾರಣ ದಲಾಲರು, ಖರೀದಿದಾರರು, ಕೋಲ್ಡ್ ಸ್ಟೋರೇಜ್, ಚೀಲ ನೋಡಿಯೇ ಬಣ್ಣ ಹೇಳುವ ಕಣ್ಣು, ಎಲ್ಲ ಇಲ್ಲೇ ಇದೆ. ವಿಶೇಷತೆ ಅಂದರೆ ಇದೇ.

ಬ್ಯಾಡಗಿಯ ಇನ್ನೊಂದು ಮುಖವೂ ಇದೆ. ಮೆಣಸಿನಕಾಯಿಯ ಬಣ್ಣ ಮತ್ತು ಎಣ್ಣೆ ತೆಗೆಯುವ ಓಲಿಯೋರೆಸಿನ್ ಉದ್ಯಮದ ದೊಡ್ಡ ಕಂಪನಿಗಳು ಇರುವುದು ಕೇರಳದಲ್ಲಿ, ಕೊಚ್ಚಿಯ ಸುತ್ತ. ಕಾಯಿ ನಮ್ಮದು, ಹೆಚ್ಚಿನ ಲಾಭ ಹುಟ್ಟುವ ಹಂತ ಅವರದು. 2024ರ ಮಾರ್ಚ್ 11ರಂದು ದರ ಏಕಾಏಕಿ ಕುಸಿಯಿತು ಅಂತ ಸಿಟ್ಟಾದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬಹುದು. ಬೆಂಕಿ ಹಚ್ಚಿದ್ದನ್ನು ಯಾರೂ ಸರಿ ಅನ್ನುವುದಿಲ್ಲ. ಆದರೆ ಹಸಿ ಮಾಲು ಮಾರುವುದರಲ್ಲೇ ನಿಂತ ಊರಿನಲ್ಲಿ ದರದ ಏರಿಳಿತಕ್ಕೆ ಅಡ್ಡ ನಿಲ್ಲುವುದು ಏನೂ ಇರುವುದಿಲ್ಲ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಎರಡು ಗಂಟೆಯೂ ಬೇಡ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ಎಫ್‌ಎಂಸಿಜಿ ಕ್ಲಸ್ಟರ್ ಅಂತ ಹುಬ್ಬಳ್ಳಿ-ಧಾರವಾಡಕ್ಕೆ ಹಣೆಪಟ್ಟಿ ಕಟ್ಟಿದವರು ಬ್ಯಾಡಗಿಯ ಮೆಣಸಿನಕಾಯಿ, ಧಾರವಾಡದ ವಿಜ್ಞಾನ, ಹುಬ್ಬಳ್ಳಿಯ ಲಾರಿ ಮತ್ತು ರೈಲನ್ನು ಒಂದೇ ಯೋಜನೆಯಲ್ಲಿ ಸೇರಿಸಿದ್ದರೆ ಆ ಹೆಸರಿಗೆ ಅರ್ಥ ಬರುತ್ತಿತ್ತು.

ಬಳ್ಳಾರಿಯ ಜೀನ್ಸ್‌ನದು ಇನ್ನೊಂದು ಕಥೆ. ಮನೆ ಮನೆಯಲ್ಲಿ, ಸಣ್ಣ ಶೆಡ್ಡುಗಳಲ್ಲಿ ಹೊಲಿಗೆ ನಡೆಯುತ್ತದೆ. ಹೊಲಿದ ಪ್ಯಾಂಟು ಅಂಗಡಿಗೆ ಹೋಗುವ ಮುಂಚೆ ವಾಷಿಂಗ್‌ಗೆ ಹೋಗಬೇಕು, ಬಣ್ಣ ಮಾಸಿದಂಥ ನೋಟ ಬರುವುದು ಅಲ್ಲೇ. ಆ ನೀರು ನೀಲಿಯಾಗಿ ಹೊರಗೆ ಹರಿಯುತ್ತದೆ. 2024ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ವಾಷಿಂಗ್ ಘಟಕಗಳನ್ನು ಮುಚ್ಚಿಸಲು ಹೊರಟಾಗ ಇಡೀ ಉದ್ಯಮವೇ ನಡುಗಿತು. ಯಾಕೆಂದರೆ ವಾಷಿಂಗ್ ನಿಂತರೆ ಹೊಲಿಗೆಯೂ ನಿಲ್ಲುತ್ತದೆ. ತಿರುಪ್ಪೂರು ಇದನ್ನು 2011ರಲ್ಲೇ ಅನುಭವಿಸಿತು. ನೊಯ್ಯಲ್ ನದಿ ಹಾಳಾಯಿತು ಅಂತ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣ ಹಾಕುವ ಘಟಕಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಘಟಕಗಳು ಗುಂಪು ಗುಂಪಾಗಿ ಸೇರಿ, ಒಂದು ಹನಿ ಕೊಳಕು ನೀರೂ ಹೊರಗೆ ಬಿಡದಂಥ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಮಾಡಿಕೊಂಡವು. ತಮಿಳುನಾಡು ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಬಳ್ಳಾರಿಗೆ ಅಪಾರಲ್ ಪಾರ್ಕ್ ಅಂತ ಸಾವಿರಾರು ಕೋಟಿಯ ಮಾತು ಚುನಾವಣೆಯಲ್ಲಿ ಕೇಳಿದ್ದೇವೆ. ಅದಕ್ಕಿಂತ ಮುಂಚೆ ಬೇಕಿದ್ದದ್ದು ಆ ನೀಲಿ ನೀರಿಗೆ ಒಂದು ಟ್ಯಾಂಕು.

ಒಂದೇ ಕಸುಬಿಗೆ ಅಂಟಿಕೊಂಡರೆ ಅಪಾಯವೂ ಉಂಟು. ಫಿನ್ಲೆಂಡಿನ ಸಾಲೋ ಎಂಬ ಸಣ್ಣ ಊರು ನೋಕಿಯಾ ಮೊಬೈಲ್ ಕಾರ್ಖಾನೆಯ ಮೇಲೆ ನಿಂತಿತ್ತು. 2012ರಲ್ಲಿ ಕಂಪನಿ ಕಾರ್ಖಾನೆ ಮುಚ್ಚಿತು, ಊರು ಕುಸಿದು ಕೂತಿತು. ಅದೇ ದೇಶದ ಔಲು ನಗರಕ್ಕೂ ನೋಕಿಯಾ ಏಟು ಬಿತ್ತು. ಆದರೆ ಅಲ್ಲಿ ವಿಶ್ವವಿದ್ಯಾಲಯ, 1982ರಿಂದ ಇದ್ದ ತಂತ್ರಜ್ಞಾನ ಪಾರ್ಕು, ವೈರ್‌ಲೆಸ್ ತಂತ್ರಜ್ಞಾನ ಬಲ್ಲ ಬೇರೆ ಕಂಪನಿಗಳೂ ಇದ್ದವು, ಹಾಗಾಗಿ ಚೇತರಿಸಿಕೊಂಡಿತು. ಕಸುಬು ಒಂದು ಕಂಪನಿಯದ್ದಾಗಿತ್ತಾ, ಊರಿನದ್ದಾಗಿತ್ತಾ ಅನ್ನುವುದರಲ್ಲಿತ್ತು ವ್ಯತ್ಯಾಸ. ನಮ್ಮ ಕರಾವಳಿಗೂ ಇದರ ಬಿಸಿ ತಟ್ಟಿದೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್, ಎಲ್ಲ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಹೆಸರೇ ಇಲ್ಲದಂತಾದವು. ಮಂಗಳೂರಿನಲ್ಲಿದ್ದ ಕಾರ್ಪೊರೇಶನ್ ಬ್ಯಾಂಕಿನ ಪ್ರಧಾನ ಕಚೇರಿ, ಮಣಿಪಾಲದ ಸಿಂಡಿಕೇಟ್ ಪ್ರಧಾನ ಕಚೇರಿ ದೆಹಲಿಯ ಒಂದು ಆದೇಶದಲ್ಲಿ ಹೋದವು. ನೂರು ವರ್ಷದ ವಿಶೇಷತೆ ಅದು. ಒಂದು ಊರಿನ ಕಸುಬು ಬೆಳೆಸುತ್ತೇವೆ ಅನ್ನುವ ನೀತಿಯನ್ನು ಮಾಡುವ ಕೈಗೂ, ಅದನ್ನು ಕಿತ್ತುಕೊಳ್ಳುವ ಕೈಗೂ ಪರಿಚಯವೇ ಇಲ್ಲ.

ಕೂಡಿ ಕೂರುವ ಜಾಗ ಯಾವುದು

ಈಗ ಸಹಕಾರದ ವಿಷಯ. ಜನ ಯಾವತ್ತೋ ಸಹಕರಿಸಿ ಆಗಿದೆ. ಧಾರವಾಡದಲ್ಲಿ ಮನೆ ಮಾಡಿ ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವರು, ಹುಬ್ಬಳ್ಳಿಯಲ್ಲಿದ್ದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಡುವ ವಕೀಲರು, ಎರಡೂ ಕಡೆ ಕ್ಲಾಸ್ ತೆಗೆದುಕೊಳ್ಳುವ ಮೇಷ್ಟ್ರುಗಳು ಸಾವಿರಗಟ್ಟಲೆ. ಅವರಿಗಾಗಿಯೇ 2018ರಿಂದ ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಮೀಸಲಾದ ಪಥದಲ್ಲಿ, 'ಚಿಗರಿ' ಬಸ್ಸು ಓಡುತ್ತಿದೆ. ಆ ರಸ್ತೆಯ ವಿನ್ಯಾಸದ ಬಗ್ಗೆ ಬೇಕಾದಷ್ಟು ಬೈಗುಳ ಇದೆ, ಕೆಲವಕ್ಕೆ ಕಾರಣವೂ ಇದೆ. ಆದರೂ ಎರಡು ಊರಿಗೆ ಸೇರಿ ಒಂದು ಸಾರಿಗೆ ಅಂತ ರಾಜ್ಯದಲ್ಲಿ ಮಾಡಿದ್ದು ಇದೇ. ನಾಳೆ ಪಾಲಿಕೆ ಎರಡಾದಾಗ ಆ ರಸ್ತೆಯ ಪಕ್ಕದ ಚರಂಡಿ, ಬೀದಿ ದೀಪ, ಪಾರ್ಕಿಂಗ್ ನವನಗರದವರೆಗೆ ಒಬ್ಬರದ್ದು, ಅಲ್ಲಿಂದ ಮುಂದೆ ಇನ್ನೊಬ್ಬರದ್ದು ಆಗುತ್ತದೆ. ನೀರಿನ ಕಥೆಯೂ ಅದೇ. ಎರಡೂ ಊರು ಮುಖ್ಯವಾಗಿ ನಂಬಿರುವುದು ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭಾ ನೀರನ್ನು. ಪೈಪು ಒಂದೇ, ನಲ್ಲಿಗೆ ಉತ್ತರ ಕೊಡುವವರು ಇಬ್ಬರು.

ಬೆಂಗಳೂರಿನಲ್ಲೂ ಬಿಬಿಎಂಪಿಯನ್ನು ಒಡೆದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಮಾಡಿದರು. ಆದರೆ ಅಲ್ಲಿ ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಒಂದನ್ನು ಕೂರಿಸಿದರು, ಮುಖ್ಯಮಂತ್ರಿಯೇ ಅದರ ಅಧ್ಯಕ್ಷರು. ಆ ಪ್ರಾಧಿಕಾರಕ್ಕೆ ಇಷ್ಟೊಂದು ಅಧಿಕಾರ ಕೊಟ್ಟರೆ ಆರಿಸಿ ಬಂದ ಪಾಲಿಕೆಗಳ ಪಾಡೇನು ಅನ್ನುವ ಆಕ್ಷೇಪ ನನಗೂ ಇದೆ. ಆದರೆ ಒಡೆದ ಮೇಲೆ ಕೂಡಿಸಲು ಏನೋ ಒಂದು ಬೇಕು ಅನ್ನುವುದು ಬೆಂಗಳೂರಿನ ವಿಷಯದಲ್ಲಿ ಸರ್ಕಾರಕ್ಕೆ ಹೊಳೆಯಿತು. ಹುಬ್ಬಳ್ಳಿ-ಧಾರವಾಡಕ್ಕೆ ಪಾಲಿಕೆ ಎರಡು ಮಾಡುವಾಗ ಅದು ಹೊಳೆಯಲಿಲ್ಲ.

ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಎರಡು ಸಮಿತಿಗಳ ಮಾತಿದೆ. ಒಂದು ಜಿಲ್ಲಾ ಯೋಜನಾ ಸಮಿತಿ. ಅದು ಜಿಲ್ಲೆಯ ಗಡಿಯಲ್ಲಿ ನಿಲ್ಲುತ್ತದೆ. ಧಾರವಾಡ ಜಿಲ್ಲೆಯ ಸಮಿತಿ ಬೆಳಗಾವಿಯ ಬಗ್ಗೆ ಯೋಚಿಸುವಂತಿಲ್ಲ, ಬ್ಯಾಡಗಿ ಇರುವ ಹಾವೇರಿಯ ಬಗ್ಗೆಯೂ ಅಷ್ಟೇ. ಇನ್ನೊಂದು ಮಹಾನಗರ ಯೋಜನಾ ಸಮಿತಿ. ಅದಕ್ಕೆ ಹತ್ತು ಲಕ್ಷ ಜನಸಂಖ್ಯೆಯ ಪ್ರದೇಶ ಬೇಕು, ಆದರೆ ಒಂದಕ್ಕಿಂತ ಹೆಚ್ಚು ಜಿಲ್ಲೆಗೆ ಹರಡಬಹುದು. ಕರ್ನಾಟಕದಲ್ಲಿ ಬೆಂಗಳೂರಿಗೆ ಮಾತ್ರ ಅದು ಆಗಿದೆ, 2014ರಲ್ಲಿ. ಆಮೇಲೂ ಅದು ಸೇರಿದ್ದು ಅಪರೂಪ.

ಕೂಡಿ ಕೂರುವ ಜಾಗ ಇಲ್ಲದಿದ್ದರೆ ಊರುಗಳು ಏನು ಮಾಡುತ್ತವೆ? ಬೆಂಗಳೂರಿಗೆ, ದೆಹಲಿಗೆ ಹೋಗಿ ಒಬ್ಬರಿಗೊಬ್ಬರು ಪೈಪೋಟಿಗೆ ಬೀಳುತ್ತವೆ. ಐಐಟಿ ಬಂದಾಗ ಧಾರವಾಡ, ರಾಯಚೂರು, ಮೈಸೂರು ಮೂರೂ ಸಾಲಿನಲ್ಲಿ ನಿಂತವು. 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು. ನಂಜುಂಡಪ್ಪ ವರದಿ ಐಐಟಿ ನಮಗೆ ಕೊಡಿ ಅಂತ ಹೇಳಿತ್ತು ಅನ್ನುವ ರಾಯಚೂರಿನ ನೋವು ಆರಲಿಲ್ಲ. ಆಮೇಲೆ ಏಮ್ಸ್‌ಗಾಗಿ ರಾಯಚೂರಿನಲ್ಲಿ 2022ರಿಂದ ದೀರ್ಘ ಧರಣಿ ನಡೆಯಿತು. ಹುಬ್ಬಳ್ಳಿಗೆ ಒಂದು ವಿಮಾನ ಬಂದರೆ ಬೆಳಗಾವಿಯವರು ನಮಗ್ಯಾಕಿಲ್ಲ ಅನ್ನುತ್ತಾರೆ, ಅಲ್ಲಿಗೆ ಹೋದರೆ ಇವರು. ಬೇಡಿಕೆ ಇಟ್ಟವರದ್ದು ತಪ್ಪಲ್ಲ. ಹಂಚುವವರು ಒಂದೊಂದೇ ಹಣ್ಣನ್ನು ತೋರಿಸಿದರೆ ಮಕ್ಕಳು ಕಿತ್ತಾಡದೆ ಇನ್ನೇನು ಮಾಡುತ್ತಾರೆ.

ಎಲ್ಲರಿಗೂ ಸೇರಿ ಬೇಕಾದದ್ದಕ್ಕೆ ಮಾತ್ರ ಅಷ್ಟು ಗಲಾಟೆ ಕೇಳುವುದಿಲ್ಲ. ಧಾರವಾಡದಿಂದ ಬೆಳಗಾವಿಗೆ ಇವತ್ತು ರೈಲಿನಲ್ಲಿ ಹೋಗಬೇಕೆಂದರೆ ಲೋಂಡಾ, ಖಾನಾಪುರ ಕಾಡಿನ ದಾರಿಯಲ್ಲಿ ಸುತ್ತಿ, ಸುಮಾರು 120 ಕಿಲೋಮೀಟರ್ ಹೋಗಬೇಕು. ಕಿತ್ತೂರಿನ ಮೇಲೆ ನೇರ ಮಾರ್ಗ ಹಾಕಿದರೆ 73 ಕಿಲೋಮೀಟರ್. ರೈಲ್ವೆ ರಾಜ್ಯ ಸಚಿವರಾಗಿದ್ದ ಬೆಳಗಾವಿಯ ಸುರೇಶ ಅಂಗಡಿ ಇದರ ಬೆನ್ನು ಹತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಜಾಗ ರಾಜ್ಯ ಕೊಡಬೇಕು, ವೆಚ್ಚದಲ್ಲಿ ಅರ್ಧ ರಾಜ್ಯದ್ದು ಅಂತ ಒಪ್ಪಂದ. ಅಲ್ಲಿಂದ ಭೂಸ್ವಾಧೀನದ ಫೈಲು ಆಮೆ ನಡಿಗೆಯಲ್ಲಿದೆ. ಅದೇ ಹೊತ್ತಿನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ 2023ರಲ್ಲಿ ಬಂತು, ಬೆಳಗಾವಿ-ಬೆಂಗಳೂರು ವಂದೇ ಭಾರತ್ 2025ರಲ್ಲಿ ಬಂತು. ಎರಡೂ ಬೇಕಿತ್ತು, ಸಂತೋಷ. ಆದರೆ ಮೂರು ಊರಿನ ಕ್ಲಸ್ಟರ್‌ನಿಂದ ಬೆಂಗಳೂರಿಗೆ ಹೋಗಲು ವೇಗದ ರೈಲು ಇದೆ. ಕ್ಲಸ್ಟರ್‌ನ ಒಳಗೇ, ಧಾರವಾಡದಿಂದ ಬೆಳಗಾವಿಗೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಬರಲು ನೇರ ಹಳಿಯೇ ಇಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಬೆಳಗಾವಿ ಫೌಂಡ್ರಿಗಳಿಗೆ ಸಹಜ ಜೊತೆ ಹುಬ್ಬಳ್ಳಿಗಿಂತ ಕೊಲ್ಲಾಪುರ. ಅಲ್ಲೂ ನೂರಾರು ಫೌಂಡ್ರಿಗಳಿವೆ, ನೂರು ಚಿಲ್ಲರೆ ಕಿಲೋಮೀಟರ್ ದೂರ, ಅದೇ ಹೆದ್ದಾರಿ, ಅದೇ ಪುಣೆಯ ಗಿರಾಕಿಗಳು. ಗಡಿ ವಿವಾದದ ಬಿಸಿಯಲ್ಲಿ ಎರಡು ರಾಜ್ಯದ ಅಧಿಕಾರಿಗಳು ಕೂತು ಫೌಂಡ್ರಿಯ ಮಾತಾಡುವುದನ್ನು ಊಹಿಸುವುದೂ ಕಷ್ಟ. ವ್ಯಾಪಾರಿಗಳು ಮಾತ್ರ ಸುಮ್ನೆ ಅವರ ಪಾಡಿಗೆ ವ್ಯವಹಾರ ಮಾಡಿಕೊಂಡಿದ್ದಾರೆ.

ಸಹಕಾರಕ್ಕೇ ದುಡ್ಡು

ಫಿನ್ಲೆಂಡಿನ ಹೆಸರು ಮೇಲೆ ಬಂತು. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ, ಇಡೀ ದೇಶವೇ ಬೆಂಗಳೂರಿಗಿಂತ ಚಿಕ್ಕದು. ಆದರೂ ಎಲ್ಲ ಹೆಲ್ಸಿಂಕಿಗೆ ಹೋಗುತ್ತಿದೆ ಅನ್ನುವ ಚಿಂತೆ ಅಲ್ಲೂ ಇತ್ತು. 1994ರಲ್ಲಿ ಅವರು ಊರೂರಿನ ಪರಿಣತಿ ಬೆಳೆಸುವ ಕಾರ್ಯಕ್ರಮ ಶುರು ಮಾಡಿದರು. 2001ರಲ್ಲಿ ಪ್ರಾದೇಶಿಕ ಕೇಂದ್ರಗಳ ಕಾರ್ಯಕ್ರಮ ಬಂತು. ಒಂದು ನಗರ ಮತ್ತು ಸುತ್ತಲಿನ ಪುರಸಭೆಗಳು ಸೇರಿ ಒಂದೇ ಅರ್ಜಿ ಹಾಕಬೇಕಿತ್ತು, ತಮ್ಮ ಪಾಲಿನ ದುಡ್ಡೂ ಹಾಕಬೇಕಿತ್ತು. ಕೂಡಿ ಯೋಜನೆ ಮಾಡಿದವರಿಗೆ ಸರ್ಕಾರದ ಹಣ. ಮೂವತ್ತಕ್ಕೂ ಹೆಚ್ಚು ಇಂಥ ಗುಂಪುಗಳಾದವು. ಮೊತ್ತ ದೊಡ್ಡದೇನಲ್ಲ. ಒಬ್ಬರ ಮುಖ ಒಬ್ಬರು ನೋಡದ ಪುರಸಭೆಗಳು ಹಣದ ಆಸೆಗಾದರೂ ಒಂದೇ ಮೇಜಿಗೆ ಬಂದವು, ಅಷ್ಟೇ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ಕಡೆ ಮೇಜು ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿನ ಪುರಸಭೆಗಳಿಗೆ ತಮ್ಮದೇ ಆದಾಯ ತೆರಿಗೆ ಇದೆ. ನಮ್ಮ ಪಾಲಿಕೆಗಳು ಆಸ್ತಿ ತೆರಿಗೆ ಮತ್ತು ರಾಜ್ಯದ ಅನುದಾನದ ಮೇಲೆ ಬದುಕುತ್ತವೆ. ಹಾಗಾಗಿ ಸೀದಾ ನಕಲು ಮಾಡಿದರೆ ನಡೆಯುವುದಿಲ್ಲ.

ಆದರೆ ಆ ತಂತ್ರ ನಮಗೂ ಬರುತ್ತದೆ. ಕೇಂದ್ರದ 2025-26ರ ಬಜೆಟ್‌ನಲ್ಲಿ ಒಂದು ಲಕ್ಷ ಕೋಟಿಯ ನಗರ ಸವಾಲು ನಿಧಿ ಘೋಷಣೆಯಾಯಿತು. ನಗರಗಳನ್ನು ಬೆಳವಣಿಗೆಯ ಕೇಂದ್ರ ಮಾಡುವುದು ಅದರ ಒಂದು ಉದ್ದೇಶ. ಯೋಜನೆಯ ವೆಚ್ಚದಲ್ಲಿ ನಾಲ್ಕನೇ ಒಂದರವರೆಗೆ ಕೇಂದ್ರ ಕೊಡುತ್ತದೆ, ಕನಿಷ್ಠ ಅರ್ಧವನ್ನು ಬಾಂಡ್ (ಸಾಲಪತ್ರ), ಬ್ಯಾಂಕ್ ಸಾಲ ಅಥವಾ ಖಾಸಗಿ ಪಾಲುದಾರಿಕೆಯಿಂದ ತರಬೇಕು. ಇದರಲ್ಲಿ ನನಗೆ ಕಾಣುವ ಅನುಮಾನ ಇಷ್ಟು. ಸಂಬಳಕ್ಕೂ ಪರದಾಡುವ ಪಾಲಿಕೆ ಬಾಂಡ್ ತರುವುದು ಹೇಗೆ? ಒಂಟಿಯಾಗಿ ಹೋದರೆ ಕಲಬುರಗಿ, ಬಳ್ಳಾರಿ, ದಾವಣಗೆರೆಗಳ ಸರದಿ ಬರುವ ಮುಂಚೆ ದೊಡ್ಡ ನಗರಗಳು ಬುಟ್ಟಿ ಖಾಲಿ ಮಾಡಿರುತ್ತವೆ. ನೀತಿ ಆಯೋಗ ಬೆಳವಣಿಗೆ ಕೇಂದ್ರ ಅಂತ ಪ್ರಯೋಗಕ್ಕೆ ತೆಗೆದುಕೊಂಡ ಸೂರತ್ ಪ್ರದೇಶದಲ್ಲಿ ಸೂರತ್ ಜೊತೆ ಭರೂಚ್, ನವಸಾರಿ, ವಲಸಾಡ್, ತಾಪಿ, ಡಾಂಗ್ ಜಿಲ್ಲೆಗಳೂ ಇವೆ. ಗಡಿ ದಾಟಿ ಯೋಚಿಸುವುದು ಸಾಧ್ಯ ಅಂತ ಅಲ್ಲಿ ಕಾಣುತ್ತದೆ.

ನಮ್ಮ ರಾಜ್ಯ ಲೀಪ್‌ನ ದುಡ್ಡಿಗೆ ಒಂದೇ ಒಂದು ಷರತ್ತು ಹಾಕಬಹುದಿತ್ತು: ಕನಿಷ್ಠ ಎರಡು ಊರು ಸೇರಿ ಬಂದರೆ ಮಾತ್ರ, ಮತ್ತು ಕೇಳುವುದು ಎಲ್ಲರೂ ಬಳಸುವ ಸೌಲಭ್ಯವಾಗಿದ್ದರೆ ಮಾತ್ರ. ಬಳ್ಳಾರಿಯ ನೀರಿನ ಘಟಕ, ಬ್ಯಾಡಗಿಯಲ್ಲಿ ಬಣ್ಣ ಅಳೆಯುವ ಪ್ರಯೋಗಾಲಯ, ಬೆಳಗಾವಿಯಂಥ ಮರಳು ಘಟಕ ಶಿವಮೊಗ್ಗದ ಫೌಂಡ್ರಿಗಳಿಗೂ. ಇಂಥವಕ್ಕೆ ಉದ್ಘಾಟನೆಯ ಫೋಟೊ ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ.

ಧಾರವಾಡದ ಹೊಸ ಪಾಲಿಕೆಗೆ ವಾಪಸ್ ಬರೋಣ. ಅದನ್ನು ಮತ್ತೆ ಕೂಡಿಸಿ ಅಂತ ನಾನು ಹೇಳುವುದಿಲ್ಲ. ಸಂವಿಧಾನದ 243ಪಿ ವಿಧಿಯಲ್ಲಿ ಮಹಾನಗರ ಪ್ರದೇಶ ಅಂದರೆ ಏನು ಅಂತ ಬರೆದಿದೆ: ಹತ್ತು ಲಕ್ಷ ಅಥವಾ ಹೆಚ್ಚು ಜನ, ಎರಡು ಅಥವಾ ಹೆಚ್ಚು ನಗರಸಂಸ್ಥೆ, ಪಂಚಾಯಿತಿ ಅಥವಾ ಅಂಟಿಕೊಂಡ ಪ್ರದೇಶ, ಒಂದು ಅಥವಾ ಹೆಚ್ಚು ಜಿಲ್ಲೆ. ರಾಜ್ಯಪಾಲರು ಅಧಿಸೂಚನೆ ಹೊರಡಿಸಿದರೆ ಆಯಿತು. ಹುಬ್ಬಳ್ಳಿ-ಧಾರವಾಡಕ್ಕೆ 2011ರಲ್ಲಿ ಕಡಿಮೆ ಬಿದ್ದದ್ದು ಅರವತ್ತು ಸಾವಿರಕ್ಕೂ ಕಡಿಮೆ ಜನ, ಸುತ್ತಲಿನ ಪಂಚಾಯಿತಿಗಳನ್ನು ಸೇರಿಸಿದ್ದರೆ ಆಗಲೇ ಹತ್ತು ಲಕ್ಷ ದಾಟುತ್ತಿತ್ತು. ಈಗ ಪಾಲಿಕೆ ಎರಡಾದರೂ ಆ ವ್ಯಾಖ್ಯೆಗೆ ಹೊಂದುತ್ತದೆ. ಎರಡೂ ಪಾಲಿಕೆ, ಸುತ್ತಲಿನ ಪಂಚಾಯಿತಿಗಳು ಸೇರಿದ ಒಂದು ಮಹಾನಗರ ಯೋಜನಾ ಸಮಿತಿ, ಅದರಲ್ಲಿ ಮೂರನೇ ಎರಡರಷ್ಟು ಸದಸ್ಯರು ಆರಿಸಿ ಬಂದವರಲ್ಲೇ ಆಯ್ಕೆಯಾದವರು. ನೀರು, ಬಸ್ಸು, ಕೈಗಾರಿಕಾ ಜಾಗದ ಯೋಜನೆ ಅವರದು. ಇದಕ್ಕೆ ಸಂವಿಧಾನದಲ್ಲೇ ಜಾಗ ಇದೆ. 2027ರ ಜನಗಣತಿಯ ಅಂಕಿ ಬರುವವರೆಗೂ ಕಾಯುವ ಅಗತ್ಯವೂ ಇಲ್ಲ. ಪಾಲಿಕೆ ಒಡೆಯುವ ಅಧಿಸೂಚನೆಗೆ ಸಹಿ ಹಾಕುವ ಟೇಬಲ್ಲಿನ ಮೇಲೆಯೇ ಇನ್ನೊಂದು ಹಾಳೆ ಇಡಬಹುದು.